ಗೆರೆ ಕಾಣಬಾರದು

ನಮ್ಮ ಟಸ್ಕನಿಯ ಬೆಟ್ಟದೂರಿನ ಸೈಕಲ್ ಮೇಸ್ತ್ರಿ ಒತ್ತೊರಿನೊನಂಥ ಪುಕ್ಕಲನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಳೆಯ ರೇಸ್ ಸೈಕಲ್ಲಿನ ಹ್ಯಾಂಡಲ್ ಎತ್ತರಿಸಬೇಕೆಂದರೆ ಬೋಲ್ಟ್ ಸಡಿಲಿಸಿ ಅದರ ತಲೆಗೆ ಮರದ ಸುತ್ತಿಗೆಯಿಂದ ಒಂದೇಟು ಹಾಕಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಹ್ಯಾಂಡಲ್ಲಿನ ಕಂಬವನ್ನು ಕೂದಲೆಳೆಯಷ್ಟೇ ಮೇಲೆಳೆಯುತ್ತಾನೆ. "ಸೊಂಟ ಬಿದ್ದೋಗಿದೆ ಮಾರಾಯ, ಇನ್ನೊಂದು ಬೆರಳು ಎತ್ತು," ಎಂದು ಅಂಚೆಯ ಗೌದೆಂಜಿಯೊ ಗೋಗರೆದರೆ, "ಕಂಬದ ಮೇಲೆ ಕೊರೆದಿರೋ ಮಿತಿಯ ಗೆರೆ ಹೊರಗೆ ಕಂಡ್ರೆ ಇಳಿಜಾರಲ್ಲಿ ಹ್ಯಾಂಡಲ್ ಕೈಗೇ ಕಿತ್ತು ಬರುತ್ತೆ. ಸೊಂಟಕ್ಕೆ ಎಣ್ಣೆ ಹಚ್ಕೋ ಹೋಗು!" ಎಂದು ಗದರುತ್ತಾನೆ. ಭಾನುವಾರ ಬೆಟ್ಟ ಇಳಿದು ಬರುವ ಸವಾರರು ಅವನ ಅಂಗಡಿ ಮುಂದೆ ತಂತಮ್ಮ ಹೆಸರು ಕೂಗಿಯೇ ಸಾಗಬೇಕು. ಕೊನೆಯ ಹೆಸರು ಕೇಳುವ ತನಕ ಅವನು ಊಟಕ್ಕೆ ಕೂರುವುದಿಲ್ಲ. ಮೊನ್ನೆ ಹನ್ನೊಂದು ಮಂದಿಯೂ ಕೂಗಿ ಹೋದರು. "ಎಲ್ಲಾ ಬಂದ್ರಲ್ಲ, ಪಾಸ್ತಾ ಆರ್ತಿದೆ," ಎಂದೆ. "ಎಲ್ವಿಯೊ ಬರ್ಲಿ," ಎಂದ. ಎಲ್ವಿಯೊ ಅವನ ತಮ್ಮ. ಮೂವತ್ತು ವರ್ಷದ ಹಿಂದೆ ಹಟ ಹಿಡಿದು, ಅಣ್ಣನ ಕೈಲಿ ಹ್ಯಾಂಡಲ್ ಒಂದು ಬೆರಳು ಹೆಚ್ಚು ಎತ್ತಿಸಿಕೊಂಡು ಬೆಟ್ಟ ಹತ್ತಿದವನು.