ಬೇಗ ಗುಣವಾಗುವವರ ಸಾಲಿನಲ್ಲಿ

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಬಲಗೈ ಬೆಲ್ಟಿಗೆ ಸಿಕ್ಕಿ ಎರಡು ಬೆರಳು ಮುರಿದವು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದೆ. ಒಂದೇ ಕೈಯಲ್ಲಿ ಸೀರೆ ಉಡುವುದೂ ಆಗದು. ಅದೇ ಊರಿನ ಬ್ರಹ್ಮಪುರದ ಬಾಡಿಗೆ ಕೋಣೆಗೆ ಬೀಗ ಹಾಕಿ ಹತ್ತಿರದ ಕಮಲಾಪುರದಲ್ಲಿದ್ದ ಅಣ್ಣನ ಮನೆಗೆ ಹೋದೆ.

ಮಿಲ್ಲಿನವರು ನಮಗೆಲ್ಲ ವಿಮೆ ಮಾಡಿಸಿದ್ದರು. ಗಾಯದ ಪರಿಹಾರ ನೋಡಿಕೊಳ್ಳುವ ಆ ವಿಮಾ ಕಚೇರಿಯಿಂದ ಪ್ರತಿ ಸೋಮವಾರ ಒಬ್ಬ ಹೆಣ್ಣುಮಗಳು ಫೋನ್ ಮಾಡುತ್ತಿದ್ದಳು.

"ಅಕ್ಕಾರ, ಬೆರಳು ಮಡಚಲಾಕ ಬರ್ತಾವೇನ್ರಿ?"

"ಇನ್ನಾ ಇಲ್ಲ ತಂಗಿ. ಬಿಗೀತಾವ."

"ಹಿಟ್ಟಿನ ಉಂಡಿ ಮಾಡಿ ಮುಷ್ಟಿಯೊಳಗ ಹಿಡೀರಿ. ಜೋರ್ ಮಾಡಬ್ಯಾಡ್ರಿ."

ಮೊದಮೊದಲು ಇಷ್ಟೇ. ಆಮೇಲೆ ನಿದ್ದೆ ಬಂತೇ, ಊಟ ಸೇರಿತೇ ಎಂದು ಕೇಳತೊಡಗಿದಳು. ಅವಳ ಮಗಳಿಗೆ ಕೆಮ್ಮು ಬಿಡುತ್ತಿರಲಿಲ್ಲ, ಅದು ಹೇಗಿದೆ ಎಂದು ನಾನು ವಿಚಾರಿಸುತ್ತಿದ್ದೆ. ಅಣ್ಣ, ಅತ್ತಿಗೆ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಪಕ್ಕದ ಹಿಟ್ಟಿನ ಗಿರಣಿ ಶುರುವಾದಾಗೆಲ್ಲ ಅದರ ಬೆಲ್ಟಿನ ಸದ್ದಿಗೆ ನನ್ನ ಎದೆ ಹೊಡೆದುಕೊಳ್ಳುತ್ತದೆಂದು ಅವರಿಗೆ ಹೇಳಲಾಗಲಿಲ್ಲ. ಅವಳಿಗೆ ಹೇಳಿದೆ.

"ಸ್ಕೂಟಿ ಮ್ಯಾಲಿಂದ ಬಿದ್ದಾಗ ನನಗೂ ಹಂಗೇ ಆಗಿತ್ರಿ ಅಕ್ಕಾರ. ಹಾರ್ನ್ ಕೇಳಿದ್ರ ನಡುಗ್ತಿದ್ದೆ. ಹೋಗ್ತದ."

ಆ ಒಂದು 'ಹೋಗ್ತದ' ನನಗೆ ವಾರಕ್ಕೆ ಸಾಕಾಗುತ್ತಿತ್ತು. ಸಿಗ್ನಲ್ ಸಿಗಲಿ ಎಂದು ಮಾಳಿಗೆ ಹತ್ತಿ ಕೂತು ಅವಳ ಫೋನಿಗೆ ಕಾಯುತ್ತಿದ್ದೆ.

ಬೆರಳಿನ ಬಿಗಿತ ಸಡಿಲವಾಗುತ್ತಿದ್ದಾಗ ಒಂದು ಸೋಮವಾರ ಫೋನ್ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಅವಳು ಮಾಡುತ್ತಿದ್ದ ನಂಬರಿಗೆ ತಿರುಗಿ ಮಾಡಿದರೆ ಹತ್ತಲಿಲ್ಲ. ಅವಳ ಮಗಳಿಗೆ ಕೆಮ್ಮು ಜಾಸ್ತಿಯಾಯಿತೇನೋ ಎಂದು ಜೀವ ತಡೆಯಲಿಲ್ಲ. ಡಾಕ್ಟರಿಗೆ ಕೈ ತೋರಿಸಲು ಕಲಬುರಗಿಗೆ ಹೋದ ದಿನ, ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಅಲ್ಲಿಯ ವಿಮಾ ಕಚೇರಿಯ ಮೆಟ್ಟಿಲು ಹತ್ತಿದೆ. ಅಲ್ಲಿದ್ದ ಸಾಹೇಬರು ನನ್ನ ಕೇಸಿನ ನಂಬರ್ ಒತ್ತಿ ನೋಡಿದರು.

"ನಿಮಗ ಇನ್ನ ಫೋನ್ ಬರಂಗಿಲ್ರಿ. ಯಾರು ಲಗೂನ ಆರಾಮ ಆಗ್ತಾರ, ಯಾರದು ಲಂಬಾ ಹೋಗ್ತದ ಅಂತ ಈಗ ಕಂಪ್ಯೂಟರೇ ಮೊದಲಿಗಿ ಹೇಳ್ತದ. ಲಂಬಾ ಹೋಗೋರಿಗಷ್ಟೇ ನಮ್ಮೋರು ಫೋನ್ ಮಾಡ್ತಾರ. ನೀವು ಲಗೂನ ಆಗೋರೊಳಗ ಬಂದೀರಿ. ಛಲೋನೇ ಆಯ್ತಲ್ರಿ?"

"ಅದಕ್ಕ ಹ್ಯಾಂಗ ತಿಳೀತ್ರಿ?"

"ವಯಸ್ಸು, ಪೆಟ್ಟು, ಡಾಕ್ಟರ್ ರಿಪೋರ್ಟ್ ನೋಡ್ತದ. ನಿಮ್ಮಂಗ ಪೆಟ್ಟಾದೋರು ಹಿಂದ ಯಾವಾಗ ಕೆಲಸಕ್ಕ ಹೋದ್ರು ಅಂತ ನೋಡ್ತದ. ಅದರ ಮ್ಯಾಲ ಅಂದಾಜು."

ಅಂದಾಜು ತಪ್ಪಿರಲಿಲ್ಲ. ಬೆರಳು ಮಡಚುತ್ತಿದ್ದವು.

"ಆ ತಂಗಿ ಎಲ್ಲಿ ಕೂಡ್ತಾಳ್ರಿ?"

"ಹುಬ್ಬಳ್ಳಿ ಆಫೀಸ್ ಅದು. ನಂಬರ್ ಕೊಡಲಾಕ ಬರಂಗಿಲ್ಲ."

ಇಷ್ಟು ದಿನ ಅವಳು ಇದೇ ಊರಲ್ಲಿ, ಯಾವುದೋ ಕಿಟಕಿಯ ಪಕ್ಕ ಕೂತಿದ್ದಾಳೆ ಅಂದುಕೊಂಡಿದ್ದೆ. ನನ್ನ ಮುಖ ನೋಡಿ ಸಾಹೇಬರಿಗೂ ಏನನ್ನಿಸಿತೋ, "ನೋವು ಇನ್ನಾ ಅದ ಅಂದ್ರ ಹೇಳ್ರಿ, ಇದರಾಗ ಹಾಕ್ತೀನಿ. ಸಾಲು ಬದಲಾದ್ರ ಆಕಿನೇ ಫೋನ್ ಮಾಡ್ತಾಳ" ಅಂದರು.

ಹೌದು ಅಂದಿದ್ದರೆ ಸಾಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಮೇಜಿನ ಕೆಳಗೆ ಮುಷ್ಟಿ ಹಿಡಿದು ನೋಡಿದೆ, ಪೂರ್ತಿ ಮುಚ್ಚಿತು. ಚಹಾದ ಕಪ್ಪು ಎತ್ತಲಾಗದವರು ಯಾರೋ ಅವಳ ಫೋನಿಗೆ ಕಾಯುತ್ತಿರಬಹುದು ಅನ್ನಿಸಿತು.

"ಇಲ್ರಿ. ಖರೇನೇ ಆರಾಮ ಅದ. ಮಗಳ ಕೆಮ್ಮು ಕಮ್ಮಿ ಆಯ್ತೇನು ಅಂತ ಕೇಳೀನಿ, ಇಷ್ಟು ಹೇಳ್ರಿ ಆಕಿಗಿ."

"ಹೇಳ್ತೀನ್ರಿ" ಅಂದರು. ಹಣ್ಣು ಅವರಿಗೇ ಕೊಟ್ಟು ಬಂದೆ. ಹೇಳಿದರೋ ಇಲ್ಲವೋ ತಿಳಿಯಲಿಲ್ಲ.

ಕೆಲ ದಿನಗಳಲ್ಲೇ ಮತ್ತೆ ಮಿಲ್ಲಿಗೆ ಹೋದೆ. ಬೆಲ್ಟಿನಿಂದ ದೂರ, ಬೇಳೆ ಆರಿಸುವ ಕಡೆ ಹಾಕಿದರು. ಎದೆ ಹೊಡೆದುಕೊಳ್ಳುವುದು ನಿಧಾನಕ್ಕೆ ನಿಂತಿತು. ಅದನ್ನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವಳ ಮುಖವನ್ನೇ ನಾನು ಕಂಡವಳಲ್ಲ. ಸಿಟಿ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರಾದರೂ ಫೋನಿನಲ್ಲಿ ಮೆತ್ತಗೆ "ಅಕ್ಕಾರ" ಅಂದರೆ, ಅವಳಿರುವುದು ಹುಬ್ಬಳ್ಳಿಯಲ್ಲಿ ಎಂದು ಗೊತ್ತಿದ್ದೂ, ತಿರುಗಿ ನೋಡುತ್ತೇನೆ.