ಅಜ್ಜಿಯ ನೀರಿಲ್ಲದ ಸೋಮವಾರ

ಆಗೆಲ್ಲ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೂರೇ ಸೀನುತ್ತಿತ್ತು. ಪೇಟೆಯ ಕಡೆಯಿಂದ ಗಾಳಿ ಬೀಸಿದರೆ ಪಾಠ ಹೇಳುವ ಅಕ್ಕೋರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ವರ್ಷ ರಂಜಾನ್ ತಿಂಗಳೂ ಅದೇ ಸುಗ್ಗಿಯಲ್ಲಿ ಬಂದಿತ್ತು.

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಾವು ಧರ್ಮಗಳ ಬಗ್ಗೆ ಮಾತಾಡಬೇಕಿತ್ತು. ಅಕ್ಕೋರು ಕರಾರು ಹಾಕಿದರು: “ತಮ್ಮ ಮನೀದು ಹೇಳೂದು ಬ್ಯಾಡ. ಬಾಜೂ ಮನೀದು ಕೇಳ್ಕೊಂಡು ಬರ್ರಿ.”

ನಮ್ಮ ಬಾಜೂ ಮನೆ ನನ್ನ ಗೆಳತಿ ಮೆಹರೂನಳದು. ತೊಡಕೆಂದರೆ, ಅವಳ ದಾದಿಗೂ, ಅಂದರೆ ಅವಳ ಅಪ್ಪನ ಅವ್ವನಿಗೂ, ನಮ್ಮ ಅಜ್ಜಿಗೂ ಮಾತಿರಲಿಲ್ಲ. ದಾದಿಯ ಆಡು ನಮ್ಮ ಅಂಗಳದ ಹಪ್ಪಳ ಮೆಂದಾಗಿನಿಂದ ಇಬ್ಬರೂ ಮುಖ ತಿರುವಿಕೊಂಡೇ ಓಡಾಡುತ್ತಿದ್ದರು.

ನಾನು ದಾದಿಯ ಮುಂದೆ ಕುಳಿತು ಕಲಿಮಾ, ನಮಾಜು, ರೋಜಾ ಉಪವಾಸ, ಜಕಾತಿನ ದಾನ, ಹಜ್ ಯಾತ್ರೆ ಎಂದು ಅವರ ಧರ್ಮದ ಐದು ಕಟ್ಟಳೆ ಬಾಯಿಪಾಠ ಮಾಡಿದೆ. ಕೈಕಾಲು ತೊಳೆದು ಬಂದು ಅವರು ಕುರಾನು ತೆರೆಯುವುದನ್ನು ನೋಡುತ್ತ ಕೇಳಿದೆ, “ನಿಮ್ಮ ಗ್ವಾಡಿ ಮ್ಯಾಲ ದೇವರ ಫೋಟೋನ ಇಲ್ಲಲ್ರಿ?”

“ಎಲ್ಲಾ ಕಡೆ ಇರಾಂವನ್ನ ಒಂದು ಮೊಳಿಗೆ ಹೆಂಗ ತೂಗಹಾಕ್ಲಿ ಬೇಟಾ?”

ಅತ್ತ ಮೆಹರೂನ ನಮ್ಮ ಅಜ್ಜಿಯ ಲಿಂಗಪೂಜೆ ನೋಡಿ, “ದೇವರನ್ನ ಕೊರಳಾಗ ಯಾಕ ಕಟ್ಟಿಕೊಂಡೀರಿ?” ಎಂದಳಂತೆ.

“ಮರತುಬಿಡ್ತೀನಲ್ಲವಾ, ಅದಕ್ಕ,” ಎಂದಳಂತೆ ಅಜ್ಜಿ.

ನಿಧಾನಕ್ಕೆ ಅಜ್ಜಿಯರ ಪ್ರಶ್ನೆಗಳು ನಮ್ಮ ಬಾಯಿಂದ ಗೋಡೆ ದಾಟತೊಡಗಿದವು. “ರೋಜಾದಾಗ ಉಗುಳೂ ನುಂಗಬಾರದಂತ, ಖರೇನ?” ಅಜ್ಜಿ ಕೇಳಿಕಳಿಸಿದಳು.

ದಾದಿ ಬಿದ್ದುಬಿದ್ದು ನಕ್ಕರು. “ಅದೆಲ್ಲಾ ಸುಳ್ಳ. ನಿಮ್ಮಜ್ಜಿ ಸೋಮವಾರ ಸಾಬುದಾಣಿ, ಶೇಂಗಾ, ಬಾಳಿಹಣ್ಣು ತಿಂದು ಉಪವಾಸ ಅಂತಾಳಲ್ಲ, ಅದು ಖರೇನ?”

ನಾನು ಅದನ್ನು ಹಾಗೇ ತಂದೊಪ್ಪಿಸಿದೆ. ಅಜ್ಜಿ ಕೆಂಪಾದಳು. “ಈ ಸೋಮವಾರ ಒಂದು ಹನಿ ನೀರೂ ಮುಟ್ಟೂದಿಲ್ಲ ಅಂತ ಹೇಳು ಆಕೀಗೆ!”

ಸೋಮವಾರ ಮಧ್ಯಾಹ್ನದವರೆಗೆ ಅಜ್ಜಿ ಜಬರ್ದಸ್ತಾಗಿಯೇ ಇದ್ದಳು. ಆಮೇಲೆ, ನಾನು ಶಾಲೆಯಿಂದ ಬಂದಾಗ, ಮೆಣಸಿನಕಾಯಿ ಘಾಟಿನ ಗಾಳಿ ಎದ್ದಿತು. ಕೆಮ್ಮು ಶುರುವಾಗಿ ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು, ಮುಖ ಬಿಳಿಚಿತು. ಅಪ್ಪ ಅವ್ವ ಹೊಲಕ್ಕೆ ಹೋಗಿದ್ದರು. ನಾನು ತಂಬಿಗೆ ಹಿಡಿದರೆ ಅಜ್ಜಿ ತಳ್ಳುತ್ತಿದ್ದಳು. ನಾನು ಅಳುತ್ತ ದಾದಿಯನ್ನು ಕೂಗಿದೆ.

ದಾದಿ ಬರಿಗಾಲಲ್ಲೇ ಓಡಿಬಂದು ನನ್ನ ಕೈಯ ತಂಬಿಗೆ ಕಸಿದುಕೊಂಡರು. ಅವರ ತುಟಿಯೂ ರೋಜಾದಿಂದ ಒಣಗಿತ್ತು. “ಕುಡೀ ಯಕ್ಕಾ. ಬೀಮಾರಿದ್ದವ್ರಿಗೆ, ಮುದುಕ್ರಿಗೆ ನಮ್ಮಾಗ ಮಾಫಿ ಐತಿ.”

ಅಜ್ಜಿ ಗಟಗಟ ಕುಡಿದು, ಉಸಿರು ತಿರುಗಿದ ಮೇಲೆ ಕೇಳಿದಳು, “ನೀನೇನು ಮುದುಕಿ ಅಲ್ಲೇನು?”

“ನಾ ಇನ್ನೂ ಹುಡುಗಿ!”

ಅಜ್ಜಿಗೆ ನಗು ತಡೆಯಲಾಗದೆ ಮತ್ತೆ ಕೆಮ್ಮು ಬಂತು. ಹೊತ್ತು ಮುಳುಗುವಾಗ ಬಾಳೆಹಣ್ಣು, ಬೆಲ್ಲ ಹಚ್ಚಿದ ಶೇಂಗಾ ತಟ್ಟೆಯಲ್ಲಿಟ್ಟುಕೊಂಡು ತಾನೇ ಗೋಡೆಯಾಚೆ ಹೋದಳು. ಖರ್ಜೂರ, ಬಿಸಿ ಭಜಿ ತಿನ್ನುತ್ತ ಇಬ್ಬರೂ ಮಾತಿಗೆ ಕುಳಿತವರು ಏಳಲೇ ಇಲ್ಲ.

ಗ್ಯಾದರಿಂಗಿನ ದಿನ ನಾನು ಐದರಲ್ಲಿ ಜಕಾತನ್ನು ಮರೆತೆ. ಮುಂದಿನ ಸಾಲಿನಿಂದ ಅದನ್ನು ಕೂಗಿ ಹೇಳಿದವಳು ನಮ್ಮಜ್ಜಿ! ದಾದಿ ಚಪ್ಪಾಳೆ ತಟ್ಟಿದರು.

ಈಗ ನಾನು ಹಾವೇರಿಯಲ್ಲಿದ್ದೇನೆ. ಇದೇ ವಿಷಯದ ಪಾಠವನ್ನು ನನ್ನ ಮಗಳು ಫೋನಿನಲ್ಲಿ ಹುಡುಕಿ, ಒಂದೂ ತಪ್ಪಿಲ್ಲದೆ ಬರೆದಳು. “ಎದುರುಮನಿಯವ್ರೂ ರೋಜಾ ಹಿಡೀತಾರ, ಅವ್ರನ್ನ ಕೇಳಬಾರದೇನ?” ಅಂದೆ. “ಹಂಗೆಲ್ಲಾ ಕೇಳಿದ್ರ ಏನ ತಿಳ್ಕೋತಾರೋ ಮಮ್ಮಿ,” ಅಂದಳು. ನನಗೂ ಹೌದೆನ್ನಿಸಿತು. ಮಾತು ಬಿಟ್ಟಿದ್ದ ಆ ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ಏನು ಬೇಕಾದರೂ ಕೇಳುತ್ತಿದ್ದರು. ನಾವು ದಿನವೂ ನಕ್ಕು ನಮಸ್ಕಾರ ಹೇಳುವವರು, ಏನನ್ನೂ ಕೇಳುವುದಿಲ್ಲ.