ಮಾವನವರ ಎತ್ತರದ ಕಟ್ಟೆ

ಸಿಂಧನೂರಿನ ನಮ್ಮ ಮನೆಯ ಹಳೆಯ ಅಡುಗೆಮನೆಯನ್ನು ಹದಿನಾಲ್ಕು ವರ್ಷ ಬೈದುಕೊಂಡೇ ಬಳಸಿದವಳು ನಾನು. ಇದ್ದದ್ದು ಒಂದೇ ಕಿಟಕಿ, ಅದೂ ಮೊಳ ಅಗಲದ್ದು. ಸುಣ್ಣ ಹೊಡೆಸಿದರೂ ಎರಡು ತಿಂಗಳಿಗೆ ಗೋಡೆಗೆ ಮತ್ತೆ ಅದೇ ಹೊಗೆ ಬಣ್ಣ. ನೆಲಕ್ಕೆ ಹಾಸಿದ ಪರಸಿ ಬಂಡೆಯ ಸಂದಿನಲ್ಲಿ ಇರುವೆಗಳ ಸಂಸಾರ, ನಮ್ಮದಕ್ಕಿಂತ ದೊಡ್ಡದು. ಗ್ಯಾಸ್ ಬಂದ ಮೇಲೂ ಒಲೆ ನೆಲ ಬಿಟ್ಟು ಮೇಲೇಳಲಿಲ್ಲ. ಹೆಚ್ಚುವುದು, ಅರೆಯುವುದು, ಬೇಯಿಸುವುದು ಎಲ್ಲ ಕೂತೇ. ನಾನು ತುರ್ವಿಹಾಳದ ಶಾಲೆಗೆ ಹೋಗುವ ಟೀಚರು. ಬೆಳಗಿನ ಬಸ್ಸಿನ ಅವಸರದಲ್ಲಿ ಉಪ್ಪಿಗೊಮ್ಮೆ ಏಳು, ನೀರಿಗೊಮ್ಮೆ ಏಳು ಎಂದು ಬಸ್ಕಿ ಹೊಡೆದು ಹೊಡೆದು, ಶಾಲೆ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಮೂಗಿನ ತುದಿಗೆ ಬಂದಿರುತ್ತಿತ್ತು. ಪಾಪ, ಅದನ್ನು ಉಣ್ಣುತ್ತಿದ್ದವು ನಾಲ್ಕನೇ ಕ್ಲಾಸಿನ ಮಕ್ಕಳು.

ನಮ್ಮತ್ತೆಗೆ ಮಾತ್ರ ಅದು ಅವರ ರಾಜ್ಯ. ಎಡಗಾಲು ಮಡಿಚಿ, ಬಲಗಾಲು ಚಾಚಿ, ರೊಟ್ಟಿ ಬಡಿಯುವ ಕಲ್ಲನ್ನು ಮುಂದೆ ಎಳೆದುಕೊಂಡು ಕೂತರೆಂದರೆ ಮುಗಿಯಿತು, ಎದ್ದೇಳುವುದು ಇಪ್ಪತ್ತು ರೊಟ್ಟಿಯಾದ ಮೇಲೆಯೇ. ಜೋಳದ ಹಿಟ್ಟಿನ ಉಂಡೆಯ ಮೇಲೆ ಭುಜದ ಭಾರವೆಲ್ಲ ಅಂಗೈಗೆ ಇಳಿಯುತ್ತಿತ್ತು. ರೊಟ್ಟಿ ತಾನಾಗಿಯೇ ತಿರುಗುತ್ತಿತ್ತು, ಹಿಗ್ಗುತ್ತಿತ್ತು. ಸುತ್ತ ಎಲ್ಲರೂ ಭತ್ತ ಬೆಳೆಯುತ್ತಾರೆ, ಊರ ತುಂಬ ಅಕ್ಕಿ ಮಿಲ್ಲು. ಆದರೂ ನಮ್ಮ ಮಾವನವರಿಗೆ ಎರಡು ಹೊತ್ತೂ ಬಿಸಿ ರೊಟ್ಟಿಯೇ ಬೇಕು, ಅದೂ ಅತ್ತೆಯ ಕೈಯದೇ. ನಾನು ಬಡಿದದ್ದನ್ನು ಒಮ್ಮೆ ತಿಂದು, "ಚಲೋ ಆಗ್ಯಾವ ಬಿಡವಾ" ಎಂದು ನಕ್ಕಿದ್ದರು. ಮರುದಿನದಿಂದ ನಾನು ಪಲ್ಯ ಸಾರಿಗೆ ಸೀಮಿತಳಾದೆ.

ಹೋದ ವರ್ಷ ಅತ್ತೆಯ ಮೊಣಕಾಲು ಬಾತುಕೊಂಡವು. ಗೋಡೆ ಹಿಡಿದು ಏಳುವುದು, ಎದ್ದು ಒಂದು ನಿಮಿಷ ಕಣ್ಣುಮುಚ್ಚಿ ನಿಲ್ಲುವುದು ಶುರುವಾಯಿತು. ದವಾಖಾನೆಯ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, "ಅಮ್ಮಾರ, ಇನ್ನ ಮ್ಯಾಲ ನೆಲಕ್ಕ ಕೂಡಬ್ಯಾಡ್ರಿ. ನಿಂತು ಕೆಲಸ ಮಾಡ್ರಿ, ನಡೀತದ. ಹಿಂಗ ಕೂತಿರಂದ್ರ ಮುಂದ ನಿಂದ್ರಾಕೂ ಬರೋದಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದರು. ಅತ್ತೆ ಮನೆಗೆ ಬಂದು ನೀರು ಕುಡಿದು, ನನ್ನೊಬ್ಬಳಿಗೇ ಕೇಳುವಂತೆ, "ರೊಟ್ಟಿ ಬಡಿಯೋದು ಬಿಟ್ಟ ದಿನ ನಾನು ಈ ಮನ್ಯಾಗ ಬಾಡಿಗಿ ಇದ್ದಂಗ ನೋಡವಾ" ಎಂದರು.

ಆ ಮಾತು ನನಗೆ ಚುಚ್ಚಿತು. ನಿಂತು ಮಾಡುವ ಅಡುಗೆಮನೆ ಕಟ್ಟಿಸೋಣ, ಅತ್ತೆ ನಿಂತೇ ರೊಟ್ಟಿ ಬಡಿಯಲಿ ಎಂದು ಮೊದಲು ಬಾಯಿಬಿಟ್ಟವಳು ನಾನೇ. ನನ್ನ ಗಂಡನಿಗೆ ಲಿಂಗಸುಗೂರಿನಲ್ಲಿ ನೌಕರಿ, ಮನೆಗೆ ಬರುವುದು ಶನಿವಾರ. ಅವರು ಎಂದಿನಂತೆ "ಅಪ್ಪಗ ಕೇಳು" ಎಂದರು. ಮಾವನವರಿಗೆ ಬೀಜ-ಗೊಬ್ಬರದ ಅಂಗಡಿ. ಹತ್ತಿಗೂ ಭತ್ತಕ್ಕೂ ಯಾವ ಔಷಧಿ ಎಂದು ಹತ್ತೂರಿನ ರೈತರಿಗೆ ಹೇಳುವವರು. ಮನೆಯಲ್ಲೂ ಅವರು ಹೇಳಿದ್ದೇ ಔಷಧಿ. ಬೇಡ ಅನ್ನುತ್ತಾರೆಂದು ಹೆದರಿದ್ದೆ. ಇಲ್ಲ, ನನಗಿಂತ ಅವರಿಗೇ ಹುರುಪು ಬಂದಿತು. "ಆಕಿ ಸಲುವಾಗಿ ಮಾಡ್ಸೋದಂದ್ರ ಊರಾಗ ಇರಬಾರ್ದು ಅಂಥಾದ್ದು ಮಾಡ್ಸೂಣು" ಎಂದರು. ಚಿಮಣಿ, ಕರಿ ಗ್ರಾನೈಟು, ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು, ಎಲ್ಲವನ್ನೂ ಅವರೇ ಮೊಬೈಲಿನಲ್ಲಿ ನೋಡಿ ಆರಿಸಿದರು. ಹಿತ್ತಲಿನ ತಗಡಿನ ಶೆಡ್ಡಿಗೆ ನಮ್ಮ ಒಲೆ, ಕಲ್ಲು ಹೋದವು. ಹಳೆಯ ಅಡುಗೆಮನೆಯ ಗೋಡೆಗೆ ಸುತ್ತಿಗೆ ಬಿತ್ತು.

ಮೇಸ್ತ್ರಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವನು. ತೆಲುಗು ಬೆರೆಸಿ ಕನ್ನಡ ಆಡುತ್ತಿದ್ದ, ಕೆಲಸದಲ್ಲಿ ಗಟ್ಟಿಗ. ಕಟ್ಟೆಯ ಎತ್ತರ ಗುರುತು ಮಾಡುವ ದಿನ ಅವನು ಸರಿಯಾಗಿಯೇ ಕೇಳಿದ್ದಾನೆ: "ಅಡುಗಿ ಮಾಡೋರು ಯಾರಂಡಿ? ಆಯಮ್ಮನ ಒಂದ್ಸಾರಿ ಇಲ್ಲಿ ನಿಂದ್ರು ಅನ್ರಿ." ನಾನು ಶಾಲೆಯಲ್ಲಿದ್ದೆ. ನಮ್ಮತ್ತೆ ಹೊರಗಿನ ಗಂಡಸರ ಮುಂದೆ ಬರುವವರಲ್ಲ. ಕೆಲಸದವರು ಬಂದರೆಂದರೆ ಸೆರಗು ಹೊದ್ದು ದೇವರ ಕೋಣೆ ಸೇರುತ್ತಾರೆ. ಅಪರಿಚಿತ ಗಂಡಸೊಬ್ಬ ಟೇಪು ಹಿಡಿದು ಸೊಂಟದ ಎತ್ತರ ಅಳೆಯುವುದೆಂದರೆ ಅವರ ಪಾಲಿಗೆ ಶಿವಶಿವಾ! ಮಾವನವರಿಗೂ ಅದು ಸರಿ ಕಾಣಲಿಲ್ಲ. "ಹೆಣ್ಮಕ್ಕಳನ್ನ ಯಾಕ ನಿಂದ್ರಸ್ತಿ, ನಂದ ಅಳತಿ ತಗೋ" ಎಂದು ಚಪ್ಪಲಿ ಕಳಚಿ, ಗೋಡೆಗೆ ಬೆನ್ನು ಹಚ್ಚಿ ತಾವೇ ನಿಂತರು. ಬಾಗಿಲು ದಾಟುವಾಗ ತಲೆ ತಗ್ಗಿಸುವ ಆಳು ಅವರು. ಹುಟ್ಟಿದಾರಭ್ಯ ಅಡುಗೆಮನೆಯಲ್ಲಿ ಒಂದು ಲೋಟ ನೀರು ತುಂಬಿಕೊಂಡವರಲ್ಲ.

ಸಂಜೆ ಬಂದಾಗ ಅತ್ತೆ ಇದನ್ನು ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆ ನಗುವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡು ದಿನ ಬಿಟ್ಟು ಕಟ್ಟೆ ಎದ್ದಿತು. ನೋಡಿದರೆ ನನ್ನ ಎದೆಗೆ ತುಸು ಕೆಳಗೆ! "ಮಾವಾರ, ಭಾಳ ಎತ್ತರ ಆತು ಅನಸ್ತದ" ಎಂದು ಮೆಲ್ಲಗೆ ಅಂದೆ. "ಟೈಲ್ಸ್ ಹಾಕಿದ್ರ ನೆಲ ಏರ್ತದವಾ, ಸರಿ ಆಗ್ತದ" ಎಂದರು. ಟೈಲ್ಸ್ ಎಷ್ಟು ಏರುತ್ತದೆ? ಎರಡು ಬೆರಳು. ನನಗದು ಗೊತ್ತಿತ್ತು. ಶಾಲೆಯಲ್ಲಿ ಅಷ್ಟು ಗಂಟಲು ಹರಿದುಕೊಳ್ಳುವ ನಾನು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಶನಿವಾರ ಬಂದ ಗಂಡನಿಗೆ ಹೇಳಿದರೆ, "ಅಪ್ಪಗ ನೀನ ಹೇಳು, ನಿನ್ನ ಮಾತು ಕೇಳ್ತಾನ" ಎಂದು ಸೋಮವಾರದ ಮೊದಲ ಬಸ್ಸಿಗೆ ಹೋದರು.

ಗೃಹಪ್ರವೇಶದಂತೆಯೇ ಹಾಲು ಉಕ್ಕಿಸಿ ಹೊಸ ಅಡುಗೆಮನೆ ಶುರು ಮಾಡಿದೆವು. ಮರುದಿನ ಅತ್ತೆ ಹಿಟ್ಟು ನಾದಿ ಕಟ್ಟೆಯ ಮುಂದೆ ನಿಂತರು. ಗ್ರಾನೈಟು ಅವರ ಎದೆಗೆ ಬಂದಿತ್ತು. ರೊಟ್ಟಿ ಬಡಿಯಬೇಕಾದರೆ ಕೈ ಮೇಲಿಂದ ಬೀಳಬೇಕು. ಇಲ್ಲಿ ಮೊಣಕೈಯೇ ಕಿವಿಯ ಹತ್ತಿರ ಹೋಗುತ್ತಿತ್ತು. ಐದಾರು ಸಲ ತಟ್ಟಿದರು. ಹಿಟ್ಟು ಸರಿದಾಡಿತೇ ಹೊರತು ಹಿಗ್ಗಲಿಲ್ಲ. ನಾನು ಊಟದ ಮಣೆ ಎರಡು ಒಂದರ ಮೇಲೊಂದು ಇಟ್ಟು ಹತ್ತಿಸಿದೆ. ಆಗ ಎತ್ತರ ಸರಿಯಾಯಿತು. ಮೂರನೇ ರೊಟ್ಟಿಯನ್ನು ಹಂಚಿಗೆ ಹಾಕಲು ತಿರುಗಿದಾಗ ಮೇಲಿನ ಮಣೆ ಜಾರಿತು. ನಾನು ಹಿಡಿಯದಿದ್ದರೆ ಅಲ್ಲೇ ಬೀಳುತ್ತಿದ್ದರು. ಹಿಡಿದರೂ ಅವರ ಮುಂಗೈ ಹಂಚಿಗೆ ತಗುಲಿ ಬೊಬ್ಬೆ ಎದ್ದಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನಮ್ಮ ಕತೆ.

"ಇವತ್ತ ಹೇಳಿಬಿಡ್ತೀನ್ರಿ ಅತ್ತೀ ಮಾವಾರಿಗೆ" ಎಂದೆ. ಅತ್ತೆ ಸುಟ್ಟ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. "ಬ್ಯಾಡವಾ, ನಿನಗ ಕೈ ಮುಗೀತೀನಿ. ಜಲ್ಮದಾಗ ಒಂದ ಸಲ ನನ್ನ ಸಲುವಾಗಿ ಅಂತ ಏನರ ಮಾಡ್ಯಾರ. ಅದೂ ಕೆಟ್ಟೈತಿ ಅಂತ ಹೆಂಗ ಹೇಳ್ಲಿ? ನನ್ನ ಮ್ಯಾಲ ಆಣಿ ಐತಿ ನೋಡು." ಹೇಳಿದರೆ ಮಾವನವರ ಮನಸ್ಸು ಮುರಿಯಬೇಕು, ಹೇಳದಿದ್ದರೆ ಅತ್ತೆಯ ಕಾಲು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು. ನಾನು ಹೂಂ ಅಂದೆ.

ಮರುದಿನದಿಂದ ಮಾವನವರು ಲಿಂಗಪೂಜೆಗೆ ಕೂತ ಹೊತ್ತಿನಲ್ಲಿ ಅತ್ತೆ ಹಿತ್ತಲಿನ ಶೆಡ್ಡಿಗೆ ಹೋಗಿ, ನೆಲಕ್ಕೆ ಕೂತು ರೊಟ್ಟಿ ಬಡಿಯತೊಡಗಿದರು. ಮಾವನವರ ಪೂಜೆ ಒಂದು ತಾಸಿನದು. ಅಷ್ಟರೊಳಗೆ ಮುಗಿಸಿ, ನಾನು ಅವರ ಬಗಲಿಗೆ ಕೈ ಹಾಕಿ ಎಬ್ಬಿಸಿ, ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿ ತಂದು ಗ್ರಾನೈಟಿನ ಮೇಲೆ ಇಡಬೇಕು. ಸಂಜೆಯೂ ಅವರು ಅಂಗಡಿಯಿಂದ ಬರುವ ಮೊದಲು ಅದೇ ಆಟ. ಕಳ್ಳರ ಹಾಗೆ. ಅವರು ಉಣ್ಣುತ್ತ, "ನೋಡಿದ್ಯಾ, ನಿಂತು ಬಡಿದ ರೊಟ್ಟಿ ರುಚಿನ ಬ್ಯಾರೆ!" ಎನ್ನುತ್ತಿದ್ದರು. ಅತ್ತೆ "ಹೌದ್ರಿ" ಎಂದು ಇನ್ನೊಂದು ರೊಟ್ಟಿ ಬಡಿಸುತ್ತಿದ್ದರು. ನನಗೆ ನಗಬೇಕೋ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಮನೆಗೆ ಯಾರೇ ಬರಲಿ, ಮಾವನವರು ಮೊದಲು ಅಡುಗೆಮನೆಗೆ ಕರೆದೊಯ್ಯುತ್ತಿದ್ದರು. ಮಸ್ಕಿಯ ಬೀಗರು ಬಂದಾಗ ಡ್ರಾಯರು ತಳ್ಳಿ, ಅದು ತಾನಾಗಿ ಮುಚ್ಚುವವರೆಗೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿದ್ದರು. "ಆಕಿ ಮೊಣಕಾಲಿಗೆ ತ್ರಾಸ ಆಗಬಾರ್ದು ಅಂತ ಮಾಡ್ಸೀನ್ರಿ. ಈಗ ಹುಡುಗಿಯಂಗ ಅಡ್ಡಾಡ್ತಾಳ" ಎಂದರು. ಅತ್ತೆ ಬಾಗಿಲ ಮರೆಯಲ್ಲಿ ಚೌಕಟ್ಟಿಗೆ ಆತುಕೊಂಡಿದ್ದರು. ಆ ಹೊತ್ತಿನಲ್ಲಿ ಮಾವನವರ ಮುಖದ ಹಿಗ್ಗು ನೋಡಿದವರು ಯಾರೂ ನಿಜ ಹೇಳಲಾರರು. ಕೆಟ್ಟ ಮನುಷ್ಯನಾಗಿದ್ದರೆ ನಾನು ಎಂದೋ ಜಗಳ ತೆಗೆಯುತ್ತಿದ್ದೆ. ಅವರು ಕೆಟ್ಟವರಲ್ಲ, ಅದೇ ನನ್ನ ಕೈ ಕಟ್ಟಿಹಾಕಿತು.

ಹೀಗೆ ಮೂರು ತಿಂಗಳು. ಒಂದು ಬೆಳಿಗ್ಗೆ ನಾನು ಟಿಫಿನ್ ಡಬ್ಬಿ ಕಟ್ಟುತ್ತಿದ್ದೆ, ಹಿತ್ತಲಿಂದ ರೊಟ್ಟಿ ಸೀದ ವಾಸನೆ ಬಂತು. ಅತ್ತೆಯ ರೊಟ್ಟಿ ಸೀಯುವುದೇ ಇಲ್ಲ. ಓಡಿದೆ. ಅವರು ಒಲೆಯ ಮುಂದೆ ಕೂತೇ ಇದ್ದರು, ಹಣೆಯೆಲ್ಲ ಬೆವರು. "ಏಳಾಕ ಬರವಲ್ದವಾ" ಎಂದರು. ಬಗಲಿಗೆ ಕೈ ಹಾಕಿದೆ. ಕಾಲು ಊರಲೇ ಇಲ್ಲ. ಇನ್ನೊಮ್ಮೆ ಎತ್ತಿದಾಗ "ಯಪ್ಪಾ" ಎಂದು ಚೀರಿದರು. ನನ್ನೊಬ್ಬಳಿಂದ ಆಗಲಿಲ್ಲ. ಪೂಜೆಯಿಂದ ಮಾವನವರನ್ನು ಕೂಗದೆ ಬೇರೆ ದಾರಿ ಇರಲಿಲ್ಲ.

ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದರು. ಒಲೆ ನೋಡಿದರು, ಹಿಟ್ಟಿನ ಪರಾತ ನೋಡಿದರು, ಬಟ್ಟೆ ಮುಚ್ಚಿದ ರೊಟ್ಟಿಗಳನ್ನು ನೋಡಿದರು. "ಇಲ್ಲೇನು ಮಾಡಾಕತ್ತೀಬೇ?" ಎಂದರು. ಇಬ್ಬರೂ ಸೇರಿ ಎತ್ತಿ, ಆಟೋ ಹತ್ತಿಸಿದೆವು.

ಅದೇ ಡಾಕ್ಟರು. ನೋಡಿದವರೇ ನನ್ನ ಮೇಲೆ ರೇಗಿದರು. "ಕೂಡಬ್ಯಾಡ ಅಂದಿದ್ದೆ, ಹೌದಿಲ್ಲೋ? ಇನ್ನ ಹತ್ತು ನಿಮಿಷದ ಮ್ಯಾಲ ನಿಂದ್ರಾಕೂ ಆಗೋದಿಲ್ಲ ಇವರಿಗೆ. ಆಪರೇಷನ್ ಮಾಡೂಣು ಅಂದ್ರ ಇವರ ಹಾರ್ಟ್ ವೀಕ್ ಐತಿ, ತಡಿಯೂದಿಲ್ಲ." ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮಾವನವರು ಪಕ್ಕದಲ್ಲೇ ಇದ್ದರು.

ಮನೆಗೆ ಬಂದ ಮೇಲೆ ಅವರು ಅಡುಗೆಮನೆಗೆ ಹೋಗಿ ಕಟ್ಟೆಯ ಮುಂದೆ ಬಹಳ ಹೊತ್ತು ನಿಂತರು. ಗ್ರಾನೈಟು ಅವರ ಸೊಂಟಕ್ಕೆ ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಆಕಿ ಅಷ್ಟು ಗಿಡ್ಡ ಅದಾಳೇನವಾ?"

ಐವತ್ತು ವರ್ಷ ಸಂಸಾರ ಮಾಡಿದವರು. "ನನ್ನ ಭುಜಕ್ಕರ ಬರ್ತಾಳಂತ ತಿಳ್ಕೊಂಡಿದ್ದೆ. ಯಾವತ್ತೂ ಹಿಂದ ನಡೀತಾಳ, ಬಾಜೂಕ ನಿಂತಿದ್ದ ನೋಡಿಲ್ಲ" ಎಂದರು. ಅಲ್ಲೇ ಮೇಸ್ತ್ರಿಗೆ ಫೋನು ಹಚ್ಚಿದರು. ಇಡೀ ಕಟ್ಟೆ ಒಡೆದು, ಆಕೆಯ ಅಳತೆಗೆ ಕಟ್ಟಬೇಕು, ನಾಳೆಯೇ ಬಾ ಎಂದು ಹೇಳುತ್ತಿದ್ದರು. ಒಳಕೋಣೆಯ ಮಂಚದ ಮೇಲಿಂದ ಅತ್ತೆ ಕೂಗಿದರು. ಮಾವನವರಿಗೆ ಕೇಳುವಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಒಡಸಬ್ಯಾಡ್ರಿ. ಈಗ ಕಟ್ಟಿ ಹೆಂಗಿದ್ರೇನು, ನಿಂದ್ರಾಕ ಕಾಲು ಬೇಕಲ್ಲ."

ಮಾವನವರು ಫೋನು ಕಿವಿಗೆ ಹಿಡಿದುಕೊಂಡೇ ನನ್ನತ್ತ ನೋಡಿದರು. "ನಿನಗ ಗೊತ್ತಿತ್ತೇನವಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ದಿನಾ ಎರಡು ಹೊತ್ತು ಅತ್ತೆಯನ್ನು ಆ ಶೆಡ್ಡಿನ ನೆಲದಿಂದ ಎಬ್ಬಿಸಿದವಳು ನಾನು. ಒಂದೊಂದು ಸಲ ಎಬ್ಬಿಸುವಾಗಲೂ ಅವರ ಭಾರ ನಿನ್ನೆಗಿಂತ ಹೆಚ್ಚಾದದ್ದು ನನ್ನ ತೋಳಿಗೆ ಗೊತ್ತಾಗುತ್ತಿತ್ತು.

ಈಗ ರೊಟ್ಟಿ ಬಡಿಯುವವಳು ನಾನು. ಕಾಲಡಿಗೆ ಸಿಮೆಂಟಿನ ಮೆಟ್ಟಿಲೊಂದನ್ನು ಮೇಸ್ತ್ರಿ ಕಟ್ಟಿಕೊಟ್ಟಿದ್ದಾನೆ. ಮಾವನವರು ನಾನು ಮಾಡಿದ್ದನ್ನು ಸದ್ದಿಲ್ಲದೆ ಉಣ್ಣುತ್ತಾರೆ, ಚೆನ್ನಾಗಿದೆ ಎಂದೂ ಅನ್ನುವುದಿಲ್ಲ, ಇಲ್ಲವೆಂದೂ ಅನ್ನುವುದಿಲ್ಲ. ಬಂದವರಿಗೆ ಅಡುಗೆಮನೆ ತೋರಿಸುವುದನ್ನು ಬಿಟ್ಟಿದ್ದಾರೆ. ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನನ್ನ ಪಕ್ಕ ಕೂರುತ್ತಾರೆ. "ಬಿಸಿನೀರು ಸಾಲ್ದು... ಈಗ ಅಂಚು ಬಡಿ... ಹಗರಕ, ಹಗರಕ" ಎಂದು ಮೊದಮೊದಲು ಹೇಳಿಕೊಡುತ್ತಿದ್ದರು. ಇತ್ತೀಚೆಗೆ ಹೇಳುವುದೂ ಕಡಿಮೆಯಾಗಿದೆ.

ಮೊನ್ನೆ ರೊಟ್ಟಿ ಬಡಿಯುತ್ತ ಸುಮ್ಮನೆ ತಿರುಗಿ ನೋಡಿದೆ. ಅತ್ತೆ ಕಿಟಕಿಯಾಚೆ ಎಲ್ಲೋ ನೋಡುತ್ತಿದ್ದರು. ಅವರ ಎರಡೂ ಕೈ ಮಾತ್ರ ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ, ತಟ್ಟುತ್ತಿದ್ದವು. ಒಂದು ಕೈ ತಟ್ಟುವುದು, ಇನ್ನೊಂದು ಕೈ ಅಂಚು ತಿರುಗಿಸುವುದು. ಅವರಿಗೆ ಅದು ಗೊತ್ತೇ ಇರಲಿಲ್ಲ. ನಾನು ನೋಡುತ್ತ ನಿಂತೆ, ಹಂಚಿನ ಮೇಲಿದ್ದದ್ದು ಸೀದುಹೋಯಿತು. "ರೊಟ್ಟಿ ತಿರುವಿ ಹಾಕವಾ" ಎಂದರು ಅತ್ತೆ, ಕಿಟಕಿಯಿಂದ ಕಣ್ಣು ತೆಗೆಯದೆ.